ಗುಮ್ಮ ಮೇಡಂ ಮತ್ತು ಸೋಮವಾರದ ಚೀಲ

ಒಂಬತ್ತನೇ ತರಗತಿಯ ಭಾಷಾ ಶಿಕ್ಷಕಿಗೆ ಮಕ್ಕಳು ಇಟ್ಟ ಹೆಸರು ಗುಮ್ಮ ಮೇಡಂ. ಹಲ್ಲಿ ಕಂಡರೆ ಮೇಜು ಹತ್ತುವ ಹೆಂಗಸಿಗೆ ಇದೆಂಥ ಹೆಸರು ಎನ್ನಬೇಡಿ. ಆಕೆ ಓದಿಸುವ ಕಥೆಗಳು ಹಾಗಿರುತ್ತವೆ. ಈ ವರ್ಷದ ಕಾದಂಬರಿಯಲ್ಲಿ ಒಂದು ದರಿದ್ರ ಊರು. ಅಲ್ಲಿನ ಮನೆಗಳಿಗೆ ಬಾಗಿಲೇ ಇಲ್ಲ. ಅಧಿಕಾರಿಗಳು ಯಾವಾಗ ಬೇಕಾದರೂ ನುಗ್ಗಿ ಪೆಟ್ಟಿಗೆ ಜಾಲಾಡಬಹುದು. ಏನನ್ನಾದರೂ ಬಚ್ಚಿಟ್ಟವರು ಮರುದಿನ ಕಾಣಿಸುವುದಿಲ್ಲ. ಕೊನೆಗೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿರೋ, ಕೆಟ್ಟಿರಿ.

"ಮಕ್ಕಳಿಗೆ ಓದಿಸೋ ಪುಸ್ತಕವೇನ್ರೀ ಇದು?" ಎನ್ನುತ್ತ ಹಾಸಿಗೆ ಅಂಗಡಿಯವನು ಒಂದು ದಿನ ಹೆಡ್‌ಮಾಸ್ಟರ ಕೋಣೆಗೆ ಬಂದ. ಅವನ ಮಗಳು ಅದೇ ತರಗತಿಯವಳು, ಮುಂದಿನ ಬೆಂಚಿನ ಎರಡು ಜಡೆ. "ಈ ವಯಸ್ಸಿಗೆ ಇಷ್ಟು ಕತ್ತಲೆ ಯಾಕೆ ಬೇಕು?"

ಅಲ್ಲಿಗೆ ಕರೆಸಿಕೊಂಡಿದ್ದ ಗುಮ್ಮ ಮೇಡಂಗೆ ಅಳುಕಾಯಿತು. "ರಾತ್ರಿ ಹೆದರ್ತಾಳಾ?"

"ಹೆದರೋದಾ? ಗೊರಕೆ ಹೊಡೀತಾಳೆ! ಅವಳ ಕೋಣೆಗೆ ಹೋಗೋಕೆ ನಾನು ಬಾಗಿಲು ಬಡೀಬೇಕಂತೆ. ನನ್ನ ಮನೇಲಿ, ನಾನು!"

ಗುಮ್ಮ ಮೇಡಂ ಹಿಗ್ಗಿ ಹೀರೇಕಾಯಿಯಾದಳು. "ಬಡೀರಿ, ಅದಕ್ಕೇನಂತೆ? ಬೆಳೆಯೋ ಮಕ್ಕಳಿಗೂ ಮರ್ಯಾದೆ ಅಂತ ಒಂದಿರುತ್ತೆ. ಪೇಪರಿನಲ್ಲಿ ದಿನಾ ಓದೋ ಸುದ್ದಿ ಇದಕ್ಕಿಂತ ಬೆಳಕಾಗಿದೆಯಾ?"

ಹೆಡ್‌ಮಾಸ್ಟರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು. ಪುಸ್ತಕ ಸದ್ಯಕ್ಕೆ ಇರಲಿ ಎಂದರು. ಆದರೆ ಆ ತರಗತಿಯಿಂದ ಇನ್ನೊಂದು ದೂರು ಬಂದರೆ, ಅದು ಯಾರದ್ದೇ ಇರಲಿ, ಪುಸ್ತಕ ಕಪಾಟಿಗೆ, ಮೇಡಂ ಒಂದನೇ ತರಗತಿಗೆ. ಅಲ್ಲಿ ಅಕ್ಷರ ತಿದ್ದಿಸುವುದಕ್ಕಿಂತ ಮೂಗು ಒರೆಸುವ ಕೆಲಸವೇ ಜಾಸ್ತಿ.

ಸೋಮವಾರ ಬಂತು. ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಗುಮ್ಮ ಮೇಡಂ ಮಕ್ಕಳ ಚೀಲಗಳಿಗೆ ಕೈಹಾಕಿ ಜಾಲಾಡುವುದು ಮೊದಲಿನಿಂದ ಬಂದ ಪದ್ಧತಿ. ಸಿಕ್ಕಿದ ಕನ್ನಡಿ, ಲಿಪ್‌ಸ್ಟಿಕ್ಕು, ಚೂಯಿಂಗ್ ಗಮ್ಮು ಆಕೆಯ ಚೀಲ ಸೇರುತ್ತಿದ್ದವು. ಗಮ್ಮಂತೂ ಸ್ಟಾಫ್‌ರೂಮಿನಲ್ಲಿ ಆಕೆಯ ಬಾಯಿಗೇ ಹೋಗುತ್ತಿತ್ತು. ಇದರಲ್ಲಿ ತಪ್ಪೇನಿದೆಯೆಂದು ಆಕೆಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಎರಡು ಜಡೆ ಚೀಲವನ್ನು ಎದೆಗೆ ಅವಚಿಕೊಂಡಳು. "ಕೊಡಲ್ಲ ಮೇಡಂ."

"ಏನಿದೆ ಅದರಲ್ಲಿ?"

"ಏನೂ ಇಲ್ಲ. ಆದ್ರೂ ಕೊಡಲ್ಲ."

ಹಿಂದಿನ ಬೆಂಚುಗಳಲ್ಲೂ ಚೀಲಗಳು ಒಂದೊಂದಾಗಿ ತೊಡೆಯೇರಿದವು.

"ಕೊಬ್ಬು ನೋಡು ಇವಕ್ಕೆ! ಬನ್ನಿ, ಹೆಡ್‌ಮಾಸ್ಟರ ಹತ್ರಾನೇ ಇತ್ಯರ್ಥ ಆಗ್ಲಿ!" ಸಿಟ್ಟು ನೆತ್ತಿಗೇರಿ ಆಕೆ ದಡದಡ ನಡೆದಳು. ಹೊಸ್ತಿಲು ದಾಟುವ ಮೊದಲೇ ಕಾಲು ನಿಂತಿತು. ಅಯ್ಯೋ, ಇದೂ ದೂರೇ ಅಲ್ಲವೇ! ದೂರು ಕೊಟ್ಟರೆ ಚೀಲಗಳು ಬಾಯಿ ಬಿಡುತ್ತವೆ, ಪುಸ್ತಕ ಬಾಯಿ ಮುಚ್ಚುತ್ತದೆ. ಅಪ್ಪನಿಗೆ ಬಾಗಿಲು ಬಡಿಯಿರಿ ಎಂದು ಬುದ್ಧಿ ಹೇಳಿದವಳು ಇಲ್ಲಿ ಮಾಡುತ್ತಿರುವುದೇನು? ನಾಚಿಕೆಯಾಯಿತು. ಕಾದಂಬರಿಯಿಂದ ಕಲಿತದ್ದನ್ನು ಮಕ್ಕಳು ಇಷ್ಟು ಬೇಗ ತನ್ನ ಮೇಲೇ ಪ್ರಯೋಗಿಸಿದರಲ್ಲ ಎಂದು ಹೊಟ್ಟೆಯೂ ಉರಿಯಿತು.

ವಾಪಸು ಬಂದವಳು ತನ್ನ ಚೀಲವನ್ನೇ ಮೇಜಿನ ಮೇಲೆ ಕವುಚಿದಳು. "ತಗೊಳ್ಳಿ, ನಿಮ್ಮ ನಿಮ್ಮದು."

ಎರಡು ಜಡೆ ತನ್ನ ಗಮ್ಮಿನ ಪೊಟ್ಟಣ ಎತ್ತಿ ಅಲ್ಲಾಡಿಸಿದಳು. "ಮೇಡಂ, ಇದರಲ್ಲಿ ಅರ್ಧಾನೇ ಇದೆ."

ಒಂದನೇ ತರಗತಿಯವರ ಮೂಗು ಒರೆಸಿಕೊಂಡಿದ್ದರೇ ವಾಸಿಯಿತ್ತು ಎಂದು ಗುಮ್ಮ ಮೇಡಂಗೆ ಒಂದು ಕ್ಷಣ ಅನ್ನಿಸಿತು.

"ತಿಂದಿದ್ದು ನಾನೇ," ಎಂದಳು. "ಪುಸ್ತಕ ತೆಗೀರಿ."