ನನ್ನ ಮೈದುನನ ಹೆಗಲ ಮೇಲಿನ ಹಗ್ಗ

ನಿಮ್ಮ ಕಾಲಿನ ಹೆಬ್ಬೆರಳು ಈ ಜನ್ಮದಲ್ಲಿ ಏನಾದರೂ ಕೆಲಸ ಮಾಡಿದೆಯೇ, ಇಲ್ಲ ಚಪ್ಪಲಿ ಹಿಡಿದುಕೊಂಡು ಸುಮ್ಮನೆ ತಿರುಗುತ್ತಿದೆಯೇ? ಸಿಟ್ಟಾಗಬೇಡಿ. ನನ್ನ ಮೈದುನ ಮಾಣಿಕಪ್ಪನ ಹೆಬ್ಬೆರಳು ನೋಡಿದವಳು ನಾನು, ಅದಕ್ಕೇ ಕೇಳಿದೆ. ಅದು ಉಳಿದ ಬೆರಳುಗಳ ಸಂಗ ಬಿಟ್ಟು ದೂರ ನಿಂತಿತ್ತು, ಪಾಲು ತೆಗೆದುಕೊಂಡು ಬೇರೆ ಮನೆ ಹೂಡಿದ ಹಿರಿಯಣ್ಣನ ಹಾಗೆ. ನಾರಿನ ತುದಿಯನ್ನು ಆ ಬೆರಳಿಗೆ ಸಿಕ್ಕಿಸಿ ಅಂಗೈಗಳ ನಡುವೆ ಹೊಸೆಯುತ್ತ ಕೂತನೆಂದರೆ, ಅವನನ್ನು ಊಟಕ್ಕೆ ಕರೆದವರು ತಾವೇ ಉಂಡು ಮಲಗಬೇಕು. ಜಹೀರಾಬಾದಿನ ಯಾವ ಅಂಗಡಿಯಲ್ಲೂ ಅವನ ಕಾಲಿಗೆ ಹಿಡಿಸುವ ಚಪ್ಪಲಿ ಸಿಗುತ್ತಿರಲಿಲ್ಲ.

ನಮ್ಮ ಊರು ಗಡಿಯ ತೆಲುಗು ಸೀಮೆಯಲ್ಲಿ, ನಾಗಲಗಿದ್ದದ ಹತ್ತಿರ. ತೊಗರಿ ಹೊಲದ ಅಂಚಿಗೆ ಪುಂಡಿ ಹಾಕುತ್ತೇವೆ. ಎಲೆ ಪಲ್ಯಕ್ಕೆ ನನಗೆ, ದಂಟು ನಾರಿಗೆ ಅವನಿಗೆ. ಆ ದಂಟನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು ಹೊತ್ತು ತರುವಾಗ ಅವನಿಗಿಂತ ಮೊದಲು ಅವನ ನಾತ ಮನೆ ಸೇರುತ್ತಿತ್ತು. ನನ್ನ ನೆಗೆಣ್ಣಿ, ಅಂದರೆ ಅವನ ಹೆಂಡತಿ, ಬದುಕಿರುವತನಕ ಅವನನ್ನು ಅಂಗಳದಲ್ಲೇ ನಿಲ್ಲಿಸಿ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದಳು. ಅವಳು ಹೋದ ಮೇಲೆ ನೀರನ್ನು ಅವನೇ ಸುರಿದುಕೊಂಡ, ಬೈಗುಳದ ಕೆಲಸ ಮಾತ್ರ ನನಗೆ ಬಂತು.

ಹಗ್ಗವೆಲ್ಲ ಅವನ ಎರಡು ಎತ್ತುಗಳಿಗೆ. ಕಂದ್ಯಾ, ಸೋಮ್ಯಾ. ಎರಡನ್ನೂ ಕರುವಿನಿಂದ ಸಾಕಿದ್ದ. ಹೊಸ ಹಗ್ಗ ಹೊಸೆದು ಮುಗಿದರೆ ಮೊದಲು ಅದನ್ನು ತನ್ನ ಕೆನ್ನೆಗೆ ಉಜ್ಜಿ ನೋಡುವನು. ಒಂದು ಎಳೆ ಚುಚ್ಚಿದರೂ ಬಿಚ್ಚಿ ಮತ್ತೆ ಹೊಸೆಯುವನು. ಹೆಂಡತಿಗೂ ಸಿಗದ ಕೆನ್ನೆ ಹಗ್ಗಕ್ಕೆ ಸಿಕ್ಕಿತಲ್ಲ ಎಂದು ನಾನು ಕಾಡಿದರೆ ಅವನಿಗೆ ನಾಚಿಕೆಯೇ ಇಲ್ಲ.

"ಎತ್ತಿಗಿ ಬಾಯಿಲ್ಲ ವೈನಿ. ಚುಚ್ಚಿದ್ರ ಯಾರ ಮುಂದ ಹೇಳ್ತದ?" ಎಂದು ಅತ್ತಿಗೆಯಾದ ನನ್ನನ್ನೇ ಕೇಳುತ್ತಿದ್ದ. ಇನ್ನೊಂದು ಮಾತು ಅವನ ನಾಲಿಗೆಯ ಮೇಲೆ ಕಾಯಂ ಇತ್ತು: "ಹಗ್ಗ ಬಿಗಿ ಆದ್ರ ಎತ್ತು ಸಾಯ್ತದ, ಸಡ್ಲ ಆದ್ರ ಒಕ್ಕಲಿಗ ಸಾಯ್ತಾನ."

ಅವನ ಸೊಸೆ ಸುನೀತಾ ನಮ್ಮ ಮನೆಯ ಕೆಲಸಗಳನ್ನೆಲ್ಲ ಫೋನಿನಲ್ಲಿ ಹಿಡಿದು ಲೋಕಕ್ಕೆ ತೋರಿಸತೊಡಗಿದಳು. ಮೊದಲು ನನ್ನ ಜೋಳದ ರೊಟ್ಟಿ, ಆಮೇಲೆ ಹಳೆ ಸೀರೆ ಸೇರಿಸಿ ನಾನು ಹೊಲಿದ ಕೌದಿ, ತೊಗರಿ ಬಡಿಯುವುದು. ಜನ ಹೊಗಳಿದರು, ನಾನು ಉಬ್ಬಿದೆ. ಅಷ್ಟರಲ್ಲಿ ಮಾಣಿಕಪ್ಪನ ಹಗ್ಗ ಬಂತು, ನನ್ನ ರೊಟ್ಟಿಯನ್ನು ಕೇಳುವವರೇ ಇಲ್ಲವಾದರು. ಹೈದರಾಬಾದಿನವರು, ಪುಣೆಯವರು ಹೂಕುಂಡ ತೂಗುಹಾಕಲು ಹಗ್ಗ ಬೇಕೆಂದರು. ಅವನು ಹೊಸೆದು ಕಳಿಸಿದ. ಆದರೆ ಮನೆಯೊಳಗೆ ತೂಗುವ ಮಣ್ಣಿನ ಮಡಕೆ ಎಲ್ಲಿಗೆ ಓಡಿಹೋಗುತ್ತದೆಂದು ಇವರಿಗೆ ಇಷ್ಟು ಗಟ್ಟಿ ಹಗ್ಗ ಬೇಕು ಎಂದು ಗೊಣಗುತ್ತಿದ್ದ.

ಅವನಿಗೆ ಓದು ಬರುತ್ತಿರಲಿಲ್ಲ. ನನ್ನ ತವರು ಗಡಿಯಾಚೆ, ಬೀದರ ಕಡೆ. ಕನ್ನಡ ಸಾಲೆಗೆ ಹೋದವಳು. ಹಾಗಾಗಿ ವಿಡಿಯೋದ ಕೆಳಗೆ ಕನ್ನಡದಲ್ಲಿ ಬಂದದ್ದನ್ನು ನಾನು ಓದಿ ಹೇಳುತ್ತಿದ್ದೆ, ತೆಲುಗಿನದನ್ನು ಸುನೀತಾ. ಫೋನಿನಲ್ಲಿ ಅಕ್ಷರ ಒತ್ತುವುದನ್ನೂ ಅವಳೇ ಕಲಿಸಿದಳು. ಮಾಣಿಕಪ್ಪ ಹೇಳಿದ ಉತ್ತರವನ್ನು ನಾನು ಬರೆಯುವುದು, ನಡುವೆ ಸ್ವಲ್ಪ ನನ್ನದೂ ಸೇರಿಸುವುದು. ಎತ್ತುಗಳು ಚೆಂದ ಇವೆ ಎಂದು ಯಾರಾದರೂ ಬರೆದರೆ ಎರಡೆರಡು ಸಲ ಓದಿಸಿಕೊಂಡು, ಎದ್ದು ಕೊಟ್ಟಿಗೆಗೆ ಹೋಗಿ ಅವುಗಳಿಗೂ ಹೇಳಿ ಬರುತ್ತಿದ್ದ.

ಕೆಟ್ಟದ್ದು ಇಲ್ಲಿಂದಲೇ ಶುರುವಾಯಿತು. ನಮ್ಮ ಕಡೆ ಎತ್ತು ಮಾರಿದರೂ ಹಗ್ಗ ಮಾರುವುದಿಲ್ಲ. ನಾರಾಯಣಖೇಡದ ಸಂತೆಯಲ್ಲಿ ಮಾತು ಕುದುರಿದರೆ, ಮಾರುವವನು ತನ್ನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಕೊಂಡವನು ತಾನು ತಂದ ಹಗ್ಗ ಕಟ್ಟಿ ಎತ್ತು ಹೊಡೆದುಕೊಂಡು ಹೋಗುತ್ತಾನೆ. ಹಗ್ಗ ಮನೆಗೆ ಮರಳಿದರೆ ದನದ ಭಾಗ್ಯ ಉಳಿಯುತ್ತದೆಂದು ನಂಬಿಕೆ. ಹಗ್ಗ ಹೆಗಲಿಗೇರಿತೆಂದರೆ ಬಾಯಿ ಬಿಟ್ಟು ಹೇಳಬೇಕಾದದ್ದಿಲ್ಲ, ಅವನು ಕೊಡಲು ಒಪ್ಪಿದ ಹಾಗೆ.

ಒಂದು ದಿನ ಸುನೀತಾ, ಹಗ್ಗದ ಹೆಣಿಕೆ ಸರಿಯಾಗಿ ಕಾಣುವಂತೆ ತೋರಿಸಿ ಅಂದಳು. ಮಾಣಿಕಪ್ಪ ಕಂದ್ಯಾನ ಕೊರಳಿಂದ ಹಗ್ಗ ಬಿಚ್ಚಿ ತೋರಿಸಿದ. ತೋರಿಸಿ ಆದ ಮೇಲೆ ಎತ್ತಿನ ಕೊರಳಡಿಯ ಗಂಗೆದೊಗಲು ತುರಿಸಲು ಕೈ ಬೇಕಲ್ಲ, ಹಗ್ಗವನ್ನು ಹೆಗಲ ಮೇಲೆ ಎಸೆದುಕೊಂಡು ನಗುತ್ತ ನಿಂತ. ಪಟ್ಟಣದವರಿಗೆ ಅಲ್ಲಿ ಕಂಡದ್ದು ಒಂದು ಚೆಂದದ ಹಗ್ಗ. ದನ ಬಲ್ಲ ನಮ್ಮ ಸೀಮೆಯವರಿಗೆ ಕಂಡದ್ದು ಮಾರಾಟಕ್ಕೆ ನಿಂತ ಎತ್ತು. ಮರುದಿನದಿಂದ ಫೋನು. ಮೊಗುಡಂಪಲ್ಲಿಯವರು ಕೇಳಿದರು, ಬೀದರದವರು ಕೇಳಿದರು. ತಾಂಡೂರಿನ ಒಬ್ಬ ದಲಾಲ ನೇರವಾಗಿ ಅಂಗಳಕ್ಕೇ ಬಂದು ಕೂತ.

ಮಾಣಿಕಪ್ಪ ನಕ್ಕು ಚಹಾ ಕುಡಿಸಿ ಕಳಿಸಿದ. ಆದರೆ ಅವನ ಮಗ ಶಿವರಾಜ ನಗಲಿಲ್ಲ, ಎತ್ತು ಮಾರಿಬಿಡೋಣ ಎಂದ. ಅವನೇನು ಕೆಟ್ಟ ಹುಡುಗನಲ್ಲ. ಹಿಂದಿನ ಮಳೆಗಾಲದಲ್ಲಿ ಮಾಣಿಕಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡು ಕೋಲು ಹಿಡಿದಿದ್ದ. ಶಿವರಾಜನಿಗೆ ಜಹೀರಾಬಾದಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೊಲ ಉಳಲು ಬಾಡಿಗೆ ಟ್ರ್ಯಾಕ್ಟರು ಬರುತ್ತದೆ. ಎತ್ತುಗಳ ಸೆಗಣಿ, ನೀರು, ಮೇವು ಎಲ್ಲ ಸುನೀತಾಳ ಒಬ್ಬಳ ತಲೆಯ ಮೇಲೆ. ಎತ್ತುಗಳೋ, ಮಾಣಿಕಪ್ಪನ ದನಿಗೆ ಬಿಟ್ಟು ಬೇರೆಯವರಿಗೆ ಬಗ್ಗುವವಲ್ಲ. ಸೋಮ್ಯಾ ಒಮ್ಮೆ ಅವಳನ್ನು ಗೋಡೆಗೆ ಒತ್ತಿಬಿಟ್ಟಿದ್ದ.

ಶಿವರಾಜನನ್ನು ಬೈಯಬೇಕೆಂದೇ ನಾನು ಹೋದೆ. ಅವನು ತಲೆ ತಗ್ಗಿಸಿಯೇ ಕೇಳಿದ: "ನಾಳಿ ಅಕಿಗಿ ಹಾಯ್ದ್ರ ನಾ ಏನ್ ಮಾಡ್ಲಿ ದೊಡ್ಡವ್ವ? ನೀವೇ ಹೇಳ್ರಿ."

ಬಾಯಿಬಡುಕಿ ಎಂದು ಊರಲ್ಲಿ ಹೆಸರಾದ ನಾನು, ತಂದಿದ್ದ ಬೈಗುಳವನ್ನು ಹಾಗೇ ವಾಪಸು ಗಂಟುಕಟ್ಟಿಕೊಂಡೆ. ಮಾಣಿಕಪ್ಪ ಅಲ್ಲೇ ಕೂತಿದ್ದ. ಅವನು ಸೊಸೆಯ ಮುಖ ನೋಡಿದ, ಕೊಟ್ಟಿಗೆ ನೋಡಿದ, ಆಗಲಿ ಎಂದು ತಲೆಯಾಡಿಸಿದ.

ದಲಾಲ ನೀಲಿ ಪ್ಲಾಸ್ಟಿಕ್ ಹಗ್ಗ ಹಿಡಿದು ಬಂದ. ಮಾಣಿಕಪ್ಪ ಕೋಲನ್ನು ಗೋಡೆಗೆ ಆನಿಸಿ, ಎತ್ತಿನ ಮೈಗೇ ಒರಗಿ ನಿಂತು ಗಂಟು ಬಿಚ್ಚಿದ. ಎರಡು ಹಗ್ಗಗಳೂ ಹೆಗಲ ಮೇಲೆ ಬಂದವು. ಆ ಹಗ್ಗದಿಂದಲೇ ಜನ ಈ ಎತ್ತನ್ನು ಗುರುತು ಹಿಡಿಯುತ್ತಾರೆ, ಅದನ್ನೂ ಕೊಡಿ ಎಂದು ದಲಾಲ ಕೇಳಿದ. ಮಾಣಿಕಪ್ಪ ಹೆಗಲ ಹಗ್ಗಗಳನ್ನು ಇನ್ನಷ್ಟು ಮೇಲಕ್ಕೆ ಸರಿಸಿಕೊಂಡ.

"ನಿಮ್ಮ ಹಗ್ಗ ಜರಾ ನೀರಾಗ ನೆನಿ ಹಾಕ್ರಿ. ಮೆತ್ತಗ ಆಗ್ತದ" ಅಂದ.

ಅದು ಪ್ಲಾಸ್ಟಿಕ್ಕೆಂದು ಅವನಿಗೆ ಗೊತ್ತಿತ್ತು. ಸುನೀತಾ ಕೈಯಲ್ಲಿದ್ದ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಎತ್ತು ಹೋದರೂ ವಿಡಿಯೋ ಹೋಗಲಿಲ್ಲ. ಹೊಸಹೊಸಬರು ನೋಡುತ್ತಲೇ ಇದ್ದರು. ಒಂದು ಸಂಜೆ ಮಾಣಿಕಪ್ಪ ನನ್ನ ಪಕ್ಕ ಕೂತು, ಬರೀರಿ ಅಂದ. "ಕಂದ್ಯಾ, ಸೋಮ್ಯಾ ಯಾರ ಮನ್ಯಾಗ ಅವ? ನೀರು ಕುಡೀತಾವೇನು? ಯಾರರ ನೋಡಿದ್ರ ಹೇಳ್ರಿ."

ಒಂದು ಅಕ್ಷರವೂ ತಪ್ಪದಂತೆ, ನನ್ನದೇನೂ ಸೇರಿಸದೆ ಒತ್ತಿದೆ. ದಲಾಲನನ್ನು ಶಿವರಾಜ ಆಗಲೇ ಕೇಳಿದ್ದ. ಎರಡನ್ನೂ ಬೇರೆಬೇರೆ ಕಡೆ ದಾಟಿಸಿದೆ, ಯಾರಿಗೆಂದು ನೆನಪಿಲ್ಲ ಎಂದಿದ್ದ. ನಮಗೆ ಉಳಿದದ್ದು ಫೋನಿನ ಜನರೇ. ದಿನಾ ಸಂಜೆ ಮಾಣಿಕಪ್ಪ ಕೋಲೂರಿಕೊಂಡು ಬಂದು ಕೂರುವನು. ನಾನು ಕನ್ನಡಕ ಏರಿಸಿ ನೋಡುವೆನು. ಕೆಂಪು ಹೃದಯಗಳು ಬಂದಿದ್ದವು, ಕೈಮುಗಿದ ಗುರುತುಗಳು ಬಂದಿದ್ದವು. ಅಜ್ಜಿ ಬಹಳ ಚೆನ್ನಾಗಿ ಬರೆದಿದ್ದೀರಿ ಎಂದು ಒಬ್ಬರು. ಎತ್ತುಗಳನ್ನು ಇನ್ನೂ ತೋರಿಸಿ ಎಂದು ಇನ್ನೊಬ್ಬರು. ಅಷ್ಟೊಂದು ಜನ ನಮ್ಮ ಕೊಟ್ಟಿಗೆಗೆ ಇಣುಕಿದ್ದರು, ಅವುಗಳ ಹೆಸರು ಹಿಡಿದು ಮುದ್ದು ಮಾಡಿದ್ದರು. ಅವು ಎಲ್ಲಿವೆ ಎಂದು ಬಲ್ಲವರು ಒಬ್ಬರೂ ಇರಲಿಲ್ಲ. ಚೆನ್ನಾಗಿವೆಯಂತೆ ಎಂದು ನಾನೇ ಕಟ್ಟಿ ಹೇಳಿಬಿಡಲೇ ಅನ್ನಿಸಿತು. ಆದರೆ ಅವನ ಮುಖ ನೋಡಿ, ಏನೂ ಬಂದಿಲ್ಲ ಅನ್ನುತ್ತಿದ್ದೆ. ನಾಳಿ ನೋಡ್ರಿ ಎಂದು ಅವನು ಏಳುತ್ತಿದ್ದ.

ಚಳಿ ಬೀಳುವ ಹೊತ್ತಿಗೆ ಹಾಸಿಗೆ ಹಿಡಿದ. ಈ ಸಲ ತೊಗರಿ ಬಡಿಯುವಾಗ ಅವನಿರಲಿಲ್ಲ. ಪ್ರಾಣ ಹೋಗುವ ಹಿಂದಿನ ದಿನ ಪುಂಡಿ ಪಲ್ಯ, ಬಿಸಿ ರೊಟ್ಟಿ ತೆಗೆದುಕೊಂಡು ಹೋಗಿದ್ದೆ. ಹೊರಸಿನ ಮೇಲೆ ಗೋಡೆಗೊರಗಿ ಕೂತು ನಾರು ಹೊಸೆಯುತ್ತಿದ್ದ. ಹೂಕುಂಡದ್ದಲ್ಲ, ದಪ್ಪನೆಯದು, ಎತ್ತಿನ ಕೊರಳಿನದು. ನನಗೆ ಅಳು ಬಂತು, ಅದಕ್ಕೇ ಕಾಡಿದೆ: "ಕೊಟ್ಟಿಗಿ ಖಾಲಿ ಬಿದ್ದದ, ಇನ್ನಾ ಯಾರಿಗಿ ಹೊಸೀಲಿಕತ್ತಿದಿ? ನನಗ ಕಟ್ಟಾಂವೇನು?"

ಅವನು ಎಳೆ ಬಿಡದೆ, ತಲೆ ಎತ್ತದೆ ಅಂದ:

"ಎತ್ತುಗೋಳು ಹೋಗ್ಯಾವಂತ ನನಗ ಗೊತ್ತದ ವೈನಿ. ಈ ಕೈಗೋಳಿಗಿ ಗೊತ್ತಿಲ್ಲ. ನೀವರ ಹೇಳ್ರಿ."