ಉಳಿದಿದ್ದು ನಾಳೆ ಓದ್ತೀನಿ

“ಇದೇ ಆ ಕೋಣೆ. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯೊಬ್ಬಳು ಇಲ್ಲೇ ಫ್ಯಾನಿಗೆ ನೇಣು ಹಾಕಿಕೊಂಡಳು. ರಾತ್ರಿಯಾದರೆ ಅವಳು ಪಾಠ ಓದುವುದು ಈಗಲೂ ಕೇಳಿಸುತ್ತದೆ. ಒಮ್ಮೆ ತಟ್ಟಿದ ಸದ್ದು ಬಂದರೆ, ಅವಳು ನಿಮ್ಮನ್ನು ನೋಡಿದಳು ಎಂದರ್ಥ. ಎರಡು ಸಲ ಬಂದರೆ... ತಿರುಗಿ ನೋಡಬೇಡಿ.”

ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿಗಳ ಉತ್ಸವದ ರಾತ್ರಿ ಏರ್ಪಡಿಸಿದ್ದ ‘ದೆವ್ವದ ನಡಿಗೆ’ ಎಂಬ ಕಾರ್ಯಕ್ರಮದಲ್ಲಿ, ಟಾರ್ಚನ್ನು ಗದ್ದದ ಕೆಳಗೆ ಹಿಡಿದುಕೊಂಡ ಹುಡುಗನೊಬ್ಬ ಹಿಂದಿಯಲ್ಲಿ ಹೇಳಿದ ಕಥೆಯಿದು. ಗುಂಪಿನ ಹಿಂದೆ ನಾನೂ ನಿಂತಿದ್ದೆ.

“ಆ ಹುಡುಗಿಯ ಹೆಸರೇನಪ್ಪ?” ಎಂದು ಕೇಳಿದೆ.

“ಅಂಕಲ್, ದೆವ್ವದ ಹತ್ತಿರ ಆಧಾರ್ ಕಾರ್ಡ್ ಕೇಳೋಕಾಗುತ್ತಾ?” ಅಂದ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಆ ಕೋಣೆಯ ಫ್ಯಾನು ಮೊದಲಿನಿಂದಲೂ ಗೋಡೆಗೆ ತಗುಲಿಸಿದ್ದು. ಅದಕ್ಕೆ ಒದ್ದೆ ಟವೆಲ್ಲನ್ನೂ ನೇತುಹಾಕಲಾಗದು. ಅಲ್ಲಿ ಯಾವ ಹುಡುಗಿಯೂ ಸತ್ತಿಲ್ಲ. ಹಳೆಯ ಸಿಬ್ಬಂದಿಯನ್ನೆಲ್ಲ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಅಲ್ಲಿ ಓದುತ್ತಿದ್ದವಳು ನನ್ನ ಹೆಂಡತಿ ನೀಲಮ್ಮ.

ಇಲ್ಲಿಂದ ಮುಂದೆ ನಾನು ಬರೆಯುವುದು ನಡೆದ ಸಂಗತಿ. ಕೇಳಿದ್ದನ್ನೆಲ್ಲ ನಂಬುವ ಸ್ವಭಾವ ನನ್ನದಲ್ಲ. ಶಾಲೆ ಕಲಿತದ್ದು ಕಡಿಮೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುತ್ತ, ಭಾನುವಾರ ಆಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೊಂಡು ಓದುತ್ತ ಬೆಳೆದವನು. ‘ಹಿರಿಯರು ಹೇಳ್ಯಾರ’ ಎಂದು ಯಾರಾದರೂ ಅಂದರೆ ‘ಯಾವ ಹಿರಿಯರು?’ ಎಂದು ಕೇಳಿ ಮದುವೆ ಮನೆಗಳಲ್ಲಿ ಬೈಸಿಕೊಂಡಿದ್ದೇನೆ. “ದೇವರು ಬಂದು ಮುಂದ ನಿಂತ್ರೂ ಪುರಾವೆ ತೋರ್ಸು ಅನ್ನೋ ಮನಿಶ್ಯಾ ನೀವು” ಎಂದು ನೀಲಮ್ಮ ಹಂಗಿಸುತ್ತಿದ್ದಳು. ಆಧಾರ್ ಕಾರ್ಡಿನ ಮಾತೆತ್ತಿದ ಉತ್ಸವದ ಆ ಹುಡುಗ ಅವಳದೇ ಮಾತನ್ನು ಬೇರೆ ಬಾಯಿಂದ ಆಡಿದ್ದ, ಅಷ್ಟೇ.

ನಿವೃತ್ತಿಯಾದ ಮೇಲೆ ನನಗೆ ವಿಶ್ವವಿದ್ಯಾಲಯದ ಇದೇ ಕೋಣೆಯಲ್ಲಿ ಸಣ್ಣ ಕೆಲಸ ಸಿಕ್ಕಿತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಡುವ ಕೋಣೆ ಅದು. ಬೀಗ ತೆಗೆಯುವುದು, ಯಂತ್ರ ಜೋಡಿಸಿಕೊಡುವುದು, ರಾತ್ರಿ ಬೀಗ ಹಾಕುವುದು ನನ್ನ ಪಾಲಿನವು. ಒಂದು ದಿನ ನೋಟಿಸ್ ಬೋರ್ಡಿನಲ್ಲಿ, ಮೆಸ್ಸಿಗೆ ಅಡುಗೆಯವರು ಬೇಕು, ಹಳೆಯ ಸೈಕಲ್ ಮಾರಾಟಕ್ಕಿದೆ, ಸಂಜೆ ಖವ್ವಾಲಿ ಇದೆ ಎಂಬ ಚೀಟಿಗಳ ನಡುವೆ ಇನ್ನೊಂದು ಚೀಟಿ ಕಂಡಿತು: ಕನ್ನಡ ಓದಬಲ್ಲವರು ಬೇಕಾಗಿದ್ದಾರೆ.

ಮನೆಗೆ ಬಂದು ಹೇಳಿದೆ.

“ನನ್ನಂಥಾಕಿನ್ನ ಯೂನಿವರ್ಸಿಟಿಯಾಗ ಯಾರ ಕೂಡಿಸ್ಕೋತಾರ್ರಿ?” ಅಂದಳು. ಮರುದಿನ ಇಳಕಲ್ ಸೀರೆ ಉಟ್ಟುಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಕನ್ನಡ ಬೇಕಾಗಿದ್ದುದು ರೇಣುಕಾ ಎಂಬ ಹುಡುಗಿಗೆ. ಶಹಾಪುರದ ಕಡೆಯವಳು, ಹುಟ್ಟು ಕುರುಡಿ, ಬೀಸುವಾಗ ಹೆಂಗಸರು ಹಾಡುವ ಪದಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನೀಲಮ್ಮನನ್ನು ಆಯಿ ಎಂದೂ ನನ್ನನ್ನು ಮುತ್ಯಾ, ಅಂದರೆ ಅಜ್ಜ, ಎಂದೂ ಕರೆಯುತ್ತಿದ್ದಳು. ಅವಳಿಗೆ ಬೇಕಾದ ಪುಸ್ತಕ ಬಹಳ ಹಳೆಯದು. ಓದುವ ಸಾಫ್ಟ್‌ವೇರಿಗೆ ಆ ಸವೆದ ಅಚ್ಚು ತಿಳಿಯುತ್ತಿರಲಿಲ್ಲ. ಅದರಲ್ಲಿ ಪದಗಳಿದ್ದವು, ಪದ ಹಾಡಿದ ಹೆಂಗಸರ ಬದುಕಿನ ಕಥೆಗಳೂ ಇದ್ದವು. ಅಚ್ಚುಮನೆಯವರು ಅಂಚು ಕತ್ತರಿಸದೆ ಬಿಟ್ಟಿದ್ದರಿಂದ ಎರಡೆರಡು ಹಾಳೆಗಳು ಕೂಡಿಕೊಂಡೇ ಇದ್ದವು. ಹೊರಮೈ ಪುಟ ಕಾಣುತ್ತಿತ್ತು. ಒಳಮೈ ಓದಬೇಕಾದರೆ ಸೀಳಲೇಬೇಕು. ನೀಲಮ್ಮ ತಲೆಯಿಂದ ಪಿನ್ನು ತೆಗೆದು ಮಡಿಕೆಯಲ್ಲಿ ತೂರಿಸಿ ಎಳೆಯುತ್ತಿದ್ದಳು... ಸರ್ರ್.

ಕೆಮ್ಮು ಬಾರದಿರಲೆಂದು ದವಡೆಯಲ್ಲೊಂದು ಲವಂಗ ಇಟ್ಟುಕೊಂಡು ಓದುವಳು. ಆದರೂ ಕೆಮ್ಮುವಳು. ಪುಟ ಮುಗಿದಾಗ ಬೆರಳಿನ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟುವಳು. ಕಥೆ ಮುಗಿದರೆ ಎರಡು ಸಲ. ಕೇಳುವವರಿಗೆ ಪುಟ ಎಲ್ಲಿ ತಿರುಗಿತು ಎಂದು ತಿಳಿಯಲೆಂದು ಅವಳೂ ರೇಣುಕಾಳೂ ಮಾಡಿಕೊಂಡ ಗುರುತು ಅದು.

ಸಂಜೆ ಆ ಕಡೆ ಓಡಾಡುವ ಹುಡುಗರು ಕತ್ತಲಲ್ಲಿ ಕೇಳಿದ್ದು ಈ ಓದನ್ನೇ, ಈ ತಟ್ಟುವಿಕೆಯನ್ನೇ. ದೆವ್ವದ ಕಥೆಯ ಮೂಲ ಇಷ್ಟು. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಪುಸ್ತಕದ ಕೊನೆಯ ಕಥೆ ಒಬ್ಬ ಸೊಸೆಯದು. ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆಂದು ವರ್ಷಗಟ್ಟಲೆ ಕಾದವಳು. ನೀಲಮ್ಮ ಅದನ್ನು ಓದುತ್ತ, “ಅಣ್ಣ ಬಂದು ಬಾಗಿಲಲ್ಲಿ ನಿಂತ. ಆಕೆ ಬೀಸುವುದನ್ನು ನಿಲ್ಲಿಸಲಿಲ್ಲ...” ಎಂಬಲ್ಲಿಗೆ ಬಂದಳು. ಪುಟ ಮುಗಿಯಿತು. ತಟ್ಟಿದಳು. ಮುಂದಿನ ಮಡಿಕೆಗೆ ಪಿನ್ನು ತೂರಿಸಿದಳು. ಕೆಮ್ಮು ಹತ್ತಿತು, ಬಿಡಲಿಲ್ಲ. ರೆಕಾರ್ಡಿನಲ್ಲಿ ಅದೆಲ್ಲ ಇದೆ. ಆಮೇಲೆ ಸಣ್ಣ ದನಿ: “ಉಳಿದಿದ್ದು ನಾಳೆ ಓದ್ತೀನಿ ತಂಗಿ.”

ಆ ರಾತ್ರಿಯೇ ಆಸ್ಪತ್ರೆಗೆ ಸೇರಿಸಿದೆವು. ಅವಳು ಮನೆಗೆ ಮರಳಲಿಲ್ಲ.

ಉಳಿದದ್ದನ್ನು ನಾನೇ ಓದಬಹುದಿತ್ತು. ಎಷ್ಟೋ ಸಲ ಪುಸ್ತಕ ತೆಗೆದೆ. ಮಡಿಕೆಯಲ್ಲಿ ಅವಳ ಪಿನ್ನು ಹಾಗೆಯೇ ಇತ್ತು. ಅದನ್ನು ಎಳೆಯಲು ಕೈ ಬರಲಿಲ್ಲ. ಮತ್ತೆ ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ.

ಚಳಿಗಾಲದ ಒಂದು ರಾತ್ರಿ, ಮೆಸ್ಸಿನಲ್ಲಿ ಊಟ ಮುಗಿಸಿ ರೇಣುಕಾ ಬಂದಳು. ಮರುದಿನ ಬೆಳಿಗ್ಗೆ ಅವಳು ವಿಶ್ವವಿದ್ಯಾಲಯ ಬಿಟ್ಟು ಊರಿಗೆ ಹೊರಡುವವಳು.

“ಮುತ್ಯಾ, ಕಡೀಗೊಮ್ಮೆ ಆಯಿ ಓದಿದ್ದು ಕೇಳಿಸ್ರಿ. ಆಕಿ ಅಣ್ಣನ ಕೂಡ ಹೋದ್ಲೋ ಇಲ್ಲೋ, ಅದೊಂದು ಹೇಳ್ಬಿಡ್ರಿ.”

“ನಾ ಓದಿಲ್ಲವ್ವಾ.”

“ಭಾಳ ಓದಿದ ಮನಿಶ್ಯಾ ಅಂತ ಆಯಿ ನಿಮ್ಮನ್ನ ಹೊಗಳೇ ಹೊಗಳ್ತಿದ್ರು. ಬರೇ ಸುಳ್ಳು ನೋಡ್ರಿ.”

ಸ್ಪೀಕರ್‌ನಲ್ಲಿ ಹಾಕಿದೆ. ಇಬ್ಬರೂ ಕೇಳಿದೆವು. ಅಣ್ಣ ಬಂದ, ಬಾಗಿಲಲ್ಲಿ ನಿಂತ... ಕೆಮ್ಮು... ನಾಳೆ ಓದ್ತೀನಿ ತಂಗಿ. ಮುಗಿಯಿತು. ಯಂತ್ರದ ವೈರು ಕಿತ್ತು ಸುತ್ತಿ, ಸ್ಪೀಕರ್ ಸಮೇತ ಅಲಮಾರಿಯಲ್ಲಿಟ್ಟು, ಬೀಗದ ಕೈ ಜೇಬಿಗೆ ಹಾಕಿಕೊಂಡೆ. ರೇಣುಕಾ ಸ್ವಲ್ಪ ಹೊತ್ತು ಕೂತಿರುತ್ತೇನೆ ಅಂದಳು. ನಾನು ಹೊರಗೆ ಮೊಗಸಾಲೆಯ ಕಿಟಕಿಗಳನ್ನು ಮುಚ್ಚಲು ಹೋದೆ.

ಕೊನೆಯ ಕಿಟಕಿಯ ಬಳಿ ಇದ್ದಾಗ ಕರೆಂಟು ಹೋಯಿತು.

ಎಲ್ಲೋ ದೂರದಲ್ಲಿ ನಾಯಿಯೊಂದು ಬೊಗಳಿ ಸುಮ್ಮನಾಯಿತು. ಜನರೇಟರ್ ಶುರುವಾಗಲಿಲ್ಲ. ಗೋಡೆ ಸವರುತ್ತ ಹಿಂದಿರುಗಿದೆ. ಆಗ...

ಟಕ್.

ರೇಣುಕಾಳ ಕೋಲು ಮೇಜಿಗೆ ತಾಗಿರಬೇಕು ಅಂದುಕೊಂಡೆ. ಕಾರ್ಖಾನೆಯ ಸದ್ದಿನಲ್ಲಿ ನನ್ನ ಕಿವಿ ಅರ್ಧ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಗಿಲ ಹತ್ತಿರ ಬಂದಂತೆ ದನಿಯೊಂದು ಕೇಳತೊಡಗಿತು. ಮಾತುಗಳು ನನಗೆ ತಿಳಿಯಲಿಲ್ಲ. ಗೋಡೆಯಾಚೆ ಯಾರೋ ಓದುತ್ತಿರುವಂತೆ, ಬರೀ ಏರಿಳಿತ. ವಾಕ್ಯದ ಕೊನೆಯಲ್ಲಿ ಕೊಂಚ ಮೇಲೆತ್ತಿ ಬಿಡುವ ಆ ರೀತಿ... ಅದನ್ನು ಜೀವಮಾನವೆಲ್ಲ ಅಡುಗೆಮನೆಯಿಂದ ಕೇಳಿದವನು ನಾನು.

ಟಕ್.

ಲವಂಗದ ವಾಸನೆ ಬಂತು.

ಬಾಗಿಲಲ್ಲಿ ನಿಂತೆ. ಕಿಟಕಿಯಿಂದ ರಸ್ತೆಯ ಯಾವುದೋ ವಾಹನದ ಬೆಳಕು ಬಂದು ಹೋಯಿತು. ರೇಣುಕಾ ಮೇಜಿನ ಅಂಚು ಹಿಡಿದು ಎದುರಿನ ಕುರ್ಚಿಯ ಕಡೆ ಮುಖವಿಟ್ಟು ಕೂತಿದ್ದಳು. ಮುಖದಲ್ಲಿ ನಗುವಿತ್ತು. ಕುರ್ಚಿ ಖಾಲಿಯಿತ್ತು. ಒಳಗೆ ಹೆಜ್ಜೆಯಿಡಲಿಲ್ಲ. ಇಟ್ಟರೆ ಓದು ನಿಂತುಬಿಟ್ಟೀತು ಎನಿಸಿತು.

ಟಕ್... ಟಕ್.

ಆಮೇಲೆ ಏನೂ ಇಲ್ಲ. ಜನರೇಟರ್ ಗುಡುಗಿ ದೀಪ ಬಂತು.

“ಮುಗೀತ್ರಿ ಮುತ್ಯಾ,” ಅಂದಳು ರೇಣುಕಾ, ಕಣ್ಣೊರೆಸಿಕೊಳ್ಳುತ್ತ. “ಕಡೀತನಕ ಓದಿಟ್ಟಿದ್ರಲ್ಲ ಆಯಿ. ನನಗ ಗೊತ್ತಾಗದಂಗ ಮಶೀನ್ ಹಚ್ಚಿ ಹೊರಗ ಹೋದ್ರೇನು? ನೀವೂ ಭಾರೀ ಅದೀರಿ.”

“ಮಶೀನ್ ಅಲಮಾರಿಯಾಗ ಐತವ್ವಾ. ಕೀಲಿ ನನ್ನ ಕಿಸೆದಾಗ ಐತಿ.”

ಅವಳು ಕೈ ಚಾಚಿ ಮೇಜನ್ನೆಲ್ಲ ಸವರಿದಳು, ಸ್ಪೀಕರ್ ಇರಲಿಲ್ಲ.

“ಅದಕ್ಕನ...” ಅಂದಳು ಮೆಲ್ಲಗೆ. “ಮೇಜು ತಟ್ಟಿದ್ದು ಕೇಳಿಸ್ತು, ಒಂದ ಸಲ, ಮತ್ತೊಂದ ಸಲ, ಕಡೀಗೆ ಜೋಡಿ. ಹಾಳಿ ಸೀಳೋ ಸಪ್ಪಳ ಬರಲಿಲ್ರಿ. ಕೆಮ್ಮೂ ಇರಲಿಲ್ಲ. ಒಂದ ಸಲನೂ ಕೆಮ್ಮಲಿಲ್ಲ ಮುತ್ಯಾ.”

ಅಲಮಾರಿ ತೆಗೆದೆ. ಯಂತ್ರ ನಾನು ಸುತ್ತಿಟ್ಟಂತೆಯೇ ಇತ್ತು. ಪುಸ್ತಕ ಇತ್ತು. ಮಡಿಕೆಯಲ್ಲಿ ಪಿನ್ನು ಇತ್ತು. ಮುಂದಿನ ಹಾಳೆಗಳು ಕೂಡಿಕೊಂಡೇ ಇದ್ದವು.

“ಏನಾಯ್ತಂತ ಹೇಳ್ಲೇನ್ರಿ? ಆಕಿ ಹೋದ್ಲೋ ಇಲ್ಲೋ?”

“ಬ್ಯಾಡವ್ವಾ,” ಅಂದೆ.

ಆಮೇಲೆ ನಾನು ನನ್ನನ್ನೇ ಪಾಟೀಸವಾಲು ಮಾಡಿದ್ದೇನೆ. ಹುಡುಗಿ ಆಯಿಯ ಆಸೆಯಲ್ಲಿ ಕನಸು ಕಂಡಿರಬಹುದು. ಅಂಥ ಪದಗಳ ನಡುವೆ ಬೆಳೆದವಳಾದ್ದರಿಂದ ಕಥೆಯ ಕೊನೆಯನ್ನು ಊಹಿಸಿರಬಹುದು. ನನ್ನ ಕಿವಿ ಸುಳ್ಳು ಹೇಳಿರಬಹುದು, ದುಃಖವಂತೂ ಹೇಳುತ್ತದೆ. ಆದರೆ ಇಬ್ಬರಿಗೂ ಒಂದೇ ಹೊತ್ತಿಗೆ, ಅಷ್ಟೇ ಸಲ ಮೇಜು ತಟ್ಟಿದ ಸದ್ದು ಹೇಗೆ ಕೇಳಿತು? ಅಲ್ಲಿಗೆ ಬಂದು ನಿಲ್ಲುತ್ತೇನೆ.

ರೇಣುಕಾ ಈಗ ತನ್ನ ಊರಿನ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಆ ರಾತ್ರಿ ಕೇಳಿದ್ದನ್ನು ಯಾರು ಕೇಳಿದರೂ ಹೇಳುತ್ತಾಳೆ. ನನಗೊಬ್ಬನಿಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದೇನೆ. ಪುಸ್ತಕ ಆ ಕೋಣೆಯ ಅಲಮಾರಿಯಲ್ಲಿದೆ. ಕಥೆಯ ಕೊನೆ ಇನ್ನೂ ಒಳಮೈ ಪುಟಗಳಲ್ಲೇ ಮುಚ್ಚಿಕೊಂಡಿದೆ. ಬೇರೆ ಪ್ರತಿ ಎಲ್ಲಾದರೂ ಇದ್ದೀತು, ಹುಡುಕಿಸುತ್ತೇನೆ ಎಂದು ಕೋಣೆಯ ಉಸ್ತುವಾರಿ ನೋಡುವ ಮೇಡಂ ಅಂದರು, ಬೇಡವೆಂದೆ.

ದೆವ್ವದ ನಡಿಗೆಯವರು, ನನ್ನ ಮಾತನ್ನು ನಂಬದವರು, ಯಾರು ಬೇಕಾದರೂ ಬರಬಹುದು. ಮೊದಲು ರೇಣುಕಾಳ ಬಾಯಿಂದ ಕೇಳಿ ಬರೆದುಕೊಳ್ಳಿ. ಆಮೇಲೆ ಪುಟ ಸೀಳಿ ಹೋಲಿಸಿ. ಪುರಾವೆ ಎಂದರೆ ಇದೇ. ಇದಕ್ಕಿಂತ ಸರಿಯಾದ ದಾರಿ ನನಗೂ ಗೊತ್ತಿಲ್ಲ.

ನಾನು ಮಾತ್ರ ಸೀಳಲಾರೆ. ಹೊಂದದಿದ್ದರೆ, ಅವಳು ಬಂದೇ ಇರಲಿಲ್ಲ. ಹೊಂದಿದರೆ, ನೀಲಮ್ಮ ಬಂದಿದ್ದಳು. ಹುಡುಗಿಗೆ ಕೊಟ್ಟ ಮಾತು ನಡೆಸಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಒಂದು ಮಾತೂ ಹೇಳದೆ ಹೋದಳು.

ಬರುವವರು ಬ್ಲೇಡು ತನ್ನಿ. ಪಿನ್ನಿನಿಂದ ಸೀಳಬೇಡಿ. ಅದನ್ನು ಮೆಲ್ಲಗೆ ತೆಗೆದು, ಹೊರಗೆ ಮೊಗಸಾಲೆಯಲ್ಲಿ ಕೂತಿರುವ ನನ್ನ ಕೈಗೆ ಕೊಡಿ.