ಭಾಗ್ಯಾ ಕೂಡಿಸಿದ ಬೈಲಹೊಂಗಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೈಲಹೊಂಗಲದ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಭಾಗ್ಯಾ ಪರದೆಗೆ ಮೂಗು ತಾಗುವಷ್ಟು ಬಾಗಿ ಕುಳಿತಿದ್ದಾಳೆ. ಕರೆಂಟು ಹೋಗಿದೆ, ಯುಪಿಎಸ್ ಒಂದೇ ಸಮನೆ ಕೀಂಗುಡುತ್ತಿದೆ. ಬಾಗಿಲ ಮುಂದೆ ಖಾಸಗಿ ಅಂಬುಲೆನ್ಸು ನಿಂತಿದೆ. ಹೊಸ ಬಡಾವಣೆಯ ನಿಜಗುಣಪ್ಪನವರಿಗೆ ಎದೆನೋವು ಎಂದು ಈಗಷ್ಟೇ ಫೋನು ಬಂದಿದೆ. ಚಾಲಕ ಜಟ್ಟೆಪ್ಪ ರಾಮದುರ್ಗದವರು, ಈ ಊರಿಗೆ ಹೊಸಬರು. ದಾರಿ ತೋರಿಸುವ ಯಂತ್ರ ಭಾಗ್ಯಾಳ ಕೈಯಲ್ಲಿದೆ, ನಕ್ಷೆ ಇನ್ನೂ ಅದರೊಳಗೆ ಇಳಿಯುತ್ತಿದೆ.

"ಯಂತ್ರ ಬಿಟ್ಟು ಹೋಗ್ಲೇನ್ ತಂಗೀ?"

"ತಡೀರಿ ಅಣ್ಣಾ, ಮುಗೀತು! ಈ ಹೊತ್ತಿನ್ಯಾಗ ದಾರಿ ಯಾರನ್ನ ಕೇಳತೀರಿ?"

ಇದು 2009. ಅಂಗಡಿಗೆ ಬರುವವರ ಪಾಲಿಗೆ ಭಾಗ್ಯಾ ಲಗ್ನಪತ್ರಿಕೆ ಟೈಪ್ ಮಾಡುವ ಹುಡುಗಿ, ಅಷ್ಟೇ. ಯಾರು ಬೇಕಾದರೂ ಗೆರೆ ಎಳೆಯಬಹುದಾದ, ಯಾರು ಬೇಕಾದರೂ ಬಿಟ್ಟಿ ಪಡೆಯಬಹುದಾದ ಊರಿನ ನಕ್ಷೆಯನ್ನು ಇಂಟರ್ನೆಟ್ಟಿನಿಂದ ಇಳಿಸಿ, ಹಳೆಯ ಸರ್ವೆ ನಕ್ಷೆಯ ಮೇಲೆ ಕೂಡಿಸಿ, ಯಂತ್ರ ಓದುವ ರೂಪಕ್ಕೆ ತಿರುಗಿಸುವವಳೂ ಇವಳೇ ಎಂಬುದು ಎಷ್ಟು ಜನರಿಗೆ ಗೊತ್ತು?

ಹೋದ ತಿಂಗಳು ಇದೇ ಕೆಲಸ ಅವಳ ನಿದ್ದೆ ಕೆಡಿಸಿತು. ಊರಲ್ಲಿ ಎಲ್ಲರೂ ವಿಳಾಸ ಹೇಳುವುದು ಊರ ಹೆಬ್ಬಾಗಿಲಾದ ಅಗಸಿಬಾಗಿಲಿನಿಂದ. ಹಾಗಾಗಿ ಅವಳೂ ಎರಡು ನಕ್ಷೆಗಳ ಅಗಸಿಯನ್ನು ಒಂದರ ಮೇಲೊಂದು ಇಟ್ಟಳು. ರಸ್ತೆ ಅಗಲ ಮಾಡುವಾಗ ಹಳೆ ಅಗಸಿ ಕೆಡವಿ ಆಚೆ ಹೊಸದನ್ನು ಕಟ್ಟಿದ್ದು ಯಾರ ತಲೆಗೂ ಹೊಳೆಯಲಿಲ್ಲ. ಹಳೆ ನಕ್ಷೆಯಲ್ಲಿದ್ದದ್ದು ಹಳೆ ಅಗಸಿ, ಹೊಸದರಲ್ಲಿ ಹೊಸದು; ಯಂತ್ರದೊಳಗೆ ಊರಿಗೆ ಊರೇ ಒಂದು ಓಣಿ ಆಚೆ ಸರಿಯಿತು. ಜಟ್ಟೆಪ್ಪ ಪಕ್ಕದ ಓಣಿಯಲ್ಲಿ ಹಾರ್ನ್ ಬಾರಿಸುತ್ತಾ ನಿಂತರು; ಇತ್ತ ಹೆರಿಗೆ ನೋವಿನಲ್ಲಿ ಗಾಡಿಗೆ ಕಾಯುತ್ತಿದ್ದ ಸಾವಂತ್ರೆವ್ವ ಮನೆಯ ಕಟ್ಟೆಯ ಮೇಲೇ ಹೆತ್ತಳು. ತಾಯಿ ಮಗು ಉಳಿದದ್ದು ಪುಣ್ಯ.

"ಅವತ್ತ ಅನ್ನ ಗಂಟಲದಾಗ ಇಳೀಲಿಲ್ರಿ," ಎಂದು ಪತ್ರಿಕೆಗೆ ಬರೆಯಲು ಬಂದ ನಮಗೆ ಹೇಳುತ್ತಾಳೆ ಭಾಗ್ಯಾ. "ಈಗ ಹಳೀ ಬಾವಿ ಹಿಡದು ಕೂಡಸ್ತೇನಿ. ಬಾವಿ ಯಾರೂ ಸರಸಾಂಗಿಲ್ಲ."

ನಕ್ಷೆ ಇಳಿದ ಯಂತ್ರ ಅಂಬುಲೆನ್ಸಿನ ಕಿಟಕಿಯಿಂದ ಒಳಗೆ ಹೋಗುತ್ತದೆ, ಗಾಡಿ ಹೊರಡುತ್ತದೆ. ಅದರ ಬೆನ್ನಿಗೇ ಯುಪಿಎಸ್ಸೂ ಕೈಕೊಡುತ್ತದೆ. ಭಾಗ್ಯಾ ಕತ್ತಲಲ್ಲಿ ಮೊಬೈಲ್ ಹಿಡಿದು ಕೂರುತ್ತಾಳೆ. ಚಹಾ ಆರುತ್ತದೆ. ಬಾವಿಯೂ ಕೈಕೊಟ್ಟರೆ? ಕೇಳುವ ಧೈರ್ಯ ನಮಗೂ ಇಲ್ಲ.

ಫೋನು ರಿಂಗಣಿಸುತ್ತದೆ. "ಯಜಮಾನ್ರನ್ನ ಗಾಡ್ಯಾಗ ಮಲಗಿಸೇವಿ. ದವಾಖಾನಿಗೆ ಹೊಂಟೇವಿ," ಎನ್ನುತ್ತಾರೆ ಜಟ್ಟೆಪ್ಪ.

"ದಾರಿ ಯಾರನ್ನರ ಕೇಳಿದ್ರೇನ್ ಅಣ್ಣಾ?"

"ಇಲ್ಲವ್ವಾ. ಸೀದಾ ಬಾಗಲಕ್ಕ ಬಂದು ನಿಂತೆ."

ಅವಳು ಓಢಣಿಯಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಪತ್ರಿಕೆಯಲ್ಲಿ ಫೋಟೊ ಹಾಕೋಣವೇ ಎಂದರೆ ಬೇಡವೆಂದು ತಲೆಯಾಡಿಸುತ್ತಾಳೆ. "ನನ್ನ ಫೋಟೊ ಯಾಕ್ರಿ? ಈ ಊರಾಗ ಅಂಬುಲೆನ್ಸ್ ನಿಲ್ಲಿಸಿ ಯಾರೂ ದಾರಿ ಕೇಳಬಾರದು. ಅಷ್ಟಾದ್ರ ಸಾಕ್ರಿ."